ಆಯ, ಸಂಭಾವನೆ, ಬೆಲೆ: ಗಳಗನಾಥರ ಪುಸ್ತಕದ ಹೊರೆ

ಹೊಸಗನ್ನಡದ ಆರಂಭಕಾಲದ ಲೇಖಕರ ಜೀವನವೃತ್ತಾಂತಗಳಲ್ಲಿ ಬಡತನದ ವರ್ಣನೆ ಧಾರಾಳವಾಗಿದೆ. ಬರೆಹಕ್ಕೆ ಸಲ್ಲಬೇಕಾಗಿದ್ದ ಹಣದ ಚರ್ಚೆ ವಿರಳ. ಗಳಗನಾಥರ (ವೆಂಕಟೇಶ ತಿರಕೋ ಕುಲಕರ್ಣಿ, 1869-1942) ವಿಷಯದಲ್ಲಿಯೂ ಹೀಗೆಯೇ ಆಗಿದೆ. ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದ ಅವರನ್ನು ಕನ್ನಡದ ಸೇವಕರೆಂದು ಕೊಂಡಾಡಲಾಗಿದೆ. ಸೇವೆಯೆಂದು ಕರೆದೊಡನೆ, ಆ ಹೊರೆ ಲೇಖಕನ ತಲೆಗೇ ಏಕೆ ಬಂತೆಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ಕಾನೂನು ಇರಲಿಲ್ಲವೆಂದಲ್ಲ. 1847ರ ಮತ್ತು 1914ರ ಕಾಯಿದೆಗಳು ಕೃತಿಸ್ವಾಮ್ಯವನ್ನು ಮನ್ನಿಸಿದ್ದವು. ಆದರೆ ಮರಾಠಿಯ ಪ್ರಾಬಲ್ಯವಿದ್ದ ಮುಂಬಯಿ ಕರ್ನಾಟಕದಲ್ಲಿ ಕನ್ನಡ ಪುಸ್ತಕವನ್ನು ಕೊಳ್ಳುವವರೇ ಕಡಿಮೆ. 1890ರಲ್ಲಿ ಧಾರವಾಡದಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿದ್ಯಾವರ್ಧಕ ಸಂಘವು ಗ್ರಂಥಕರ್ತರಿಗೆ ಬಹುಮಾನ ನೀಡುತ್ತಿದ್ದುದುಂಟು. ಗಳಗನಾಥರ ‘ಪ್ರಬುದ್ಧ ಪದ್ಮನಯನೆ’ಗೂ ಅದು ಸಂದಿತ್ತು. ಬಹುಮಾನವಾದರೋ ಕೊಡುವವರ ಮೆಚ್ಚುಗೆಯನ್ನು ಅವಲಂಬಿಸಿದ್ದು. ಲೇಖಕರಿಗೆ ಕೊಡುವ ಹಣಕ್ಕೆ ಇಂದಿಗೂ ಬಳಕೆಯಲ್ಲಿರುವ ‘ಸಂಭಾವನೆ’, ‘ಗೌರವಧನ’ ಎಂಬ ಪದಗಳೂ ಇದೇ ಜಾತಿಯವು. ಕೊಟ್ಟರೆ ಗೌರವ, ಕೇಳಿದರೆ ಕೇಳಿದವನಿಗೇ ಅಗೌರವ.

ಜನಪದದ ರೂಢಿ ಬೇರೆ. ಉತ್ತರ ಕರ್ನಾಟಕದ ಹೆಳವರು ಎತ್ತನ್ನೇರಿ ಒಕ್ಕಲುಮನೆಗಳಿಗೆ ಬಂದು ಆಯಾ ಮನೆತನದ ವಂಶಾವಳಿಯನ್ನು ಹೇಳುತ್ತಾರೆ. ಅವರಿಗೆ ಸಲ್ಲುವ ಕಾಳುಕಡಿ ವಂಶಪರಂಪರೆಯ ಹಕ್ಕು. ಬಡಿಗ, ಕಮ್ಮಾರರು ಕಣದಲ್ಲಿ ಪಡೆಯುತ್ತಿದ್ದ ಆಯದಂತೆ ಅದನ್ನು ಬಾಯಿಬಿಟ್ಟು ಕೇಳಬಹುದು, ಕಡಿಮೆಯಾದರೆ ಜಗಳವನ್ನೂ ಆಡಬಹುದು. ಅಚ್ಚಿನ ಮನೆಗೆ ಬಂದ ಲೇಖಕನಿಗೆ ಈ ಹಕ್ಕು ದಕ್ಕಲಿಲ್ಲ. ಶಿಕ್ಷಕರಾಗಿದ್ದು, 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದ ಗಳಗನಾಥರು ಓದುಗನ ಬಾಗಿಲಿಗೇ ಹೋಗಿ ನಿಂತದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವರು ಅಲ್ಲಿ ದಾನವನ್ನಾಗಲಿ ಸಂಭಾವನೆಯನ್ನಾಗಲಿ ಕೇಳಲಿಲ್ಲ, ಪುಸ್ತಕದ ಬೆಲೆಯನ್ನು ಕೇಳಿದರು. ಮುಂದೆ ಜಿ. ಪಿ. ರಾಜರತ್ನಂ ಅವರೂ ಪುಸ್ತಕ ಹೊತ್ತು ಮಾರಿದರೆಂಬುದನ್ನು ನೆನೆದರೆ, ಇದು ಒಬ್ಬ ವ್ಯಕ್ತಿಯ ವೈಚಿತ್ರ್ಯವಲ್ಲವೆಂಬುದು ಸ್ಪಷ್ಟ.

ಕೇಳಲೇ ಆಗದ ಸ್ಥಿತಿಗೆ ಮುದ್ದಣನ ನಿದರ್ಶನವಿದೆ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ ತನ್ನ ಕೃತಿಗಳನ್ನು ಯಾರೋ ಹಳೆಯ ಕವಿಯವೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿದನು. ಹಳೆಯ ಕವಿಗೆ ಯಾರೂ ಹಣ ಕಳುಹಿಸುವುದಿಲ್ಲವಷ್ಟೆ. 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ 31 ವರ್ಷ. ‘ಶ್ರೀರಾಮಾಶ್ವಮೇಧ’ದ ಕರ್ತೃ ಅವನೇ ಎಂಬುದು ನಾಡಿಗೆಲ್ಲ ತಿಳಿದದ್ದು ಆಮೇಲೆ.