ಊಟದ ಬಿಲ್ಲಿನಿಂದ ಪ್ರಯಾಣದ ಟಿಕೆಟು: ಕ್ರೆಡಿಟ್ ಕಾರ್ಡು ಆಯ್ಕೆಗೆ ಮುನ್ನ ತಿಳಿಯಬೇಕಾದದ್ದು

ಆಯನೂರು (ಶಿವಮೊಗ್ಗ): ಶಿವಮೊಗ್ಗದಿಂದ ಸಾಗರ, ಜೋಗದ ಕಡೆಗೆ ಹೊರಟವರಿಗೆ ರಾಷ್ಟ್ರೀಯ ಹೆದ್ದಾರಿ 69ರಲ್ಲಿ ಎದುರಾಗುವ ಊರು ಆಯನೂರು. ವಾರಾಂತ್ಯದಲ್ಲಿ ಜಲಪಾತ ನೋಡಲು ಹೊರಟ ಬೆಂಗಳೂರಿನ ಕುಟುಂಬಕ್ಕೂ, ಕೆಲಸಕ್ಕಾಗಿ ಶಿವಮೊಗ್ಗ ಮತ್ತು ಭದ್ರಾವತಿಗೆ ಓಡಾಡುವ ಸ್ಥಳೀಯರಿಗೂ ದಾರಿಯಲ್ಲಿ ತಿಂಡಿ, ಊಟ, ಕಾಫಿ ತಪ್ಪದ ಖರ್ಚು. ಹೊರಗಿನ ಊಟಕ್ಕೆ ಹೆಚ್ಚು ರಿವಾರ್ಡ್ ಪಾಯಿಂಟು, ಆ ಪಾಯಿಂಟುಗಳಿಂದ ವಿಮಾನ ಅಥವಾ ರೈಲಿನ ಟಿಕೆಟು ಎಂಬ ಆಶ್ವಾಸನೆಯೊಂದಿಗೆ ಬ್ಯಾಂಕುಗಳು ಕ್ರೆಡಿಟ್ ಕಾರ್ಡು ಮಾರುವುದು ಇಂಥ ಗ್ರಾಹಕರಿಗೇ. ಆದರೆ ಮಹಾನಗರದ ರೆಸ್ಟೋರೆಂಟುಗಳನ್ನು ಕಣ್ಣಮುಂದಿಟ್ಟುಕೊಂಡು ರೂಪಿಸಿದ ಈ ಯೋಜನೆಗಳು ಹೆದ್ದಾರಿ ಬದಿಯ ಊಟದ ಹೋಟೆಲಿನಲ್ಲಿ ಎಷ್ಟರ ಮಟ್ಟಿಗೆ ಫಲ ಕೊಡುತ್ತವೆ ಎಂಬುದನ್ನು ಅರ್ಜಿಗೆ ಸಹಿ ಹಾಕುವ ಮೊದಲೇ ಅರಿತುಕೊಳ್ಳುವುದು ಲೇಸು.

ಊಟದ ಮೇಜಿನಲ್ಲೇ ಹುಟ್ಟಿದ ಕಾರ್ಡು

ಹಲವು ಅಂಗಡಿಗಳಲ್ಲಿ ಸಲ್ಲುವ ಪಾವತಿ ಕಾರ್ಡಿನ ಇತಿಹಾಸ ಆರಂಭವಾಗುವುದೇ ಊಟದ ಬಿಲ್ಲಿನಿಂದ. 1950ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕ್ ಮೆಕ್‌ನಮಾರಾ ಮತ್ತು ಅವರ ಜೊತೆಗಾರರು ಆರಂಭಿಸಿದ ಡೈನರ್ಸ್ ಕ್ಲಬ್ಬಿನ ಹೆಸರೇ 'ಉಣ್ಣುವವರ ಕೂಟ' ಎಂಬ ಅರ್ಥದ್ದು. ಆ ಕಾರ್ಡು 1961ರಲ್ಲಿ ಭಾರತಕ್ಕೆ ಬಂದಿತು. 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ತನ್ನದೇ ಕಾರ್ಡು ಹೊರತಂದ ನಂತರ ಬ್ಯಾಂಕುಗಳ ಕಾರ್ಡು ಯುಗ ಇಲ್ಲಿ ಪ್ರಾರಂಭವಾಯಿತು.

ಪಾಯಿಂಟು ಯಾರೂ ಪುಕ್ಕಟೆಯಾಗಿ ಕೊಡುವ ವಸ್ತುವಲ್ಲ. ಗ್ರಾಹಕ ಕಾರ್ಡು ಉಜ್ಜಿದಾಗ ವ್ಯಾಪಾರಿಯು ಬಿಲ್ಲಿನ ಒಂದು ಸಣ್ಣ ಪಾಲನ್ನು ಬ್ಯಾಂಕುಗಳಿಗೂ ಕಾರ್ಡು ಜಾಲಕ್ಕೂ ಶುಲ್ಕವಾಗಿ ತೆರುತ್ತಾನೆ. ಅದರಲ್ಲಿ ಒಂದಂಶ ಪಾಯಿಂಟಿನ ರೂಪದಲ್ಲಿ ಗ್ರಾಹಕನಿಗೆ ಮರಳುತ್ತದೆ. ವಾರ್ಷಿಕ ಶುಲ್ಕ ಮತ್ತು ಬಾಕಿ ಉಳಿಸಿಕೊಂಡವರು ತೆರುವ ಬಡ್ಡಿ ಬ್ಯಾಂಕಿನ ಉಳಿದ ಆದಾಯ. ವ್ಯಾಪಾರಿಯಿಂದ ಶುಲ್ಕ ಹುಟ್ಟದ ಕಡೆ ಪಾಯಿಂಟೂ ವಿರಳ ಎಂಬ ಸೂತ್ರವನ್ನು ನೆನಪಿಟ್ಟುಕೊಂಡರೆ ಕಾರ್ಡಿನ ಬಹುತೇಕ ಷರತ್ತುಗಳು ತಾವಾಗಿಯೇ ಅರ್ಥವಾಗುತ್ತವೆ.

'ಹೋಟೆಲ್' ಎಂಬ ಪದದ ತೊಡಕು

ಕನ್ನಡದಲ್ಲಿ ಹೋಟೆಲ್ ಎಂದರೆ ಇಡ್ಲಿ, ದೋಸೆ, ಊಟ ಸಿಗುವ ಜಾಗ. ಕಾರ್ಡು ಜಾಲದ ಲೆಕ್ಕದಲ್ಲಿ ಹೋಟೆಲ್ ಎಂದರೆ ತಂಗುವ ಜಾಗ. ಪ್ರತಿ ವ್ಯಾಪಾರಿಗೂ ಅವನ ವಹಿವಾಟಿನ ಸ್ವರೂಪ ಸೂಚಿಸುವ ನಾಲ್ಕು ಅಂಕಿಗಳ ವರ್ಗ ಸಂಖ್ಯೆ ಇರುತ್ತದೆ. ಊಟದ ಸ್ಥಳ ಮತ್ತು ರೆಸ್ಟೋರೆಂಟಿಗೆ 5812, ತ್ವರಿತ ತಿಂಡಿ ಮಳಿಗೆಗೆ 5814, ಬಾರಿಗೆ 5813, ಬೇಕರಿಗೆ 5462, ವಸತಿಗೃಹಕ್ಕೆ 7011. ಊಟಕ್ಕೆ ಹೆಚ್ಚುವರಿ ಪಾಯಿಂಟು ನೀಡುವ ಕಾರ್ಡು ನೋಡುವುದು ಬಡಿಸಿದ ಎಲೆಯನ್ನಲ್ಲ, ಈ ಸಂಖ್ಯೆಯನ್ನು.

ಇದರ ಪರಿಣಾಮ ಸಣ್ಣದಲ್ಲ. 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಫಲಕವಿರುವ ಕಟ್ಟಡದ ನೆಲ ಅಂತಸ್ತಿನಲ್ಲಿ ಊಟ ಮಾಡಿದರೂ ಯಂತ್ರವು ವಸತಿಗೃಹದ ಹೆಸರಿನಲ್ಲಿ ನೋಂದಣಿಯಾಗಿದ್ದರೆ ಆ ಬಿಲ್ಲು ಊಟದ ಖರ್ಚಾಗಿ ಎಣಿಕೆಯಾಗದು. ಅಯ್ಯಂಗಾರ್ ಬೇಕರಿಯ ಪಫ್ ಮತ್ತು ಚಹಾ ಕೂಡ ಹಲವು ಕಾರ್ಡುಗಳ ಪಟ್ಟಿಯಿಂದ ಹೊರಗುಳಿಯಬಹುದು. ಪದೇ ಪದೇ ಹೋಗುವ ಹೋಟೆಲಿನಲ್ಲಿ ಒಮ್ಮೆ ಸಣ್ಣ ಮೊತ್ತ ಪಾವತಿಸಿ, ತಿಂಗಳ ಸ್ಟೇಟ್‌ಮೆಂಟಿನಲ್ಲಿ ಎಷ್ಟು ಪಾಯಿಂಟು ಬಂದಿದೆ ಎಂದು ಪರಿಶೀಲಿಸುವುದೇ ಇದಕ್ಕೆ ಸರಳ ಉಪಾಯ.

ಗಲ್ಲಾಪೆಟ್ಟಿಗೆಯ ಮೇಲಿನ ಕ್ಯೂಆರ್ ಫಲಕ

ಸಣ್ಣ ಊರುಗಳ ಬಹುಪಾಲು ಹೋಟೆಲುಗಳಲ್ಲಿ ಕಾರ್ಡು ಉಜ್ಜುವ ಯಂತ್ರವೇ ಇರುವುದಿಲ್ಲ. ಇರುವುದು ಯುಪಿಐ ಕ್ಯೂಆರ್ ಫಲಕ. ರುಪೇ ಜಾಲದ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ರಿಸರ್ವ್ ಬ್ಯಾಂಕು 2022ರ ಜೂನ್‌ನಲ್ಲಿ ಸಮ್ಮತಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸೌಲಭ್ಯ ಜಾರಿಗೆ ಬಂದಿತು. ಆದ್ದರಿಂದ ಮೊಬೈಲಿನಿಂದ ಕ್ಯೂಆರ್ ಸ್ಕ್ಯಾನ್ ಮಾಡಿ ಕ್ರೆಡಿಟ್ ಕಾರ್ಡಿನಿಂದಲೇ ಹಣ ಸಲ್ಲಿಸಲು ಸಾಧ್ಯ. ಆದರೆ ಇಲ್ಲಿ ಮೂರು ಅಂಶಗಳನ್ನು ಗಮನಿಸಬೇಕು.

ಮೊದಲನೆಯದು, ಫಲಕವು ವ್ಯಾಪಾರಿ ಖಾತೆಯದ್ದಾಗಿರಬೇಕು. ಮಾಲೀಕರ ಸ್ವಂತ ಉಳಿತಾಯ ಖಾತೆಗೆ, ಅಂದರೆ ವ್ಯಕ್ತಿಯಿಂದ ವ್ಯಕ್ತಿಗೆ, ಕ್ರೆಡಿಟ್ ಕಾರ್ಡಿನಿಂದ ಹಣ ಹೋಗದು. ಎರಡನೆಯದು, ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗಿನ ಇಂಥ ಪಾವತಿಗೆ ಶುಲ್ಕವಿಲ್ಲ. ವ್ಯಾಪಾರಿಗೆ ಇದು ಅನುಕೂಲ. ಆದರೆ ಮೇಲೆ ಹೇಳಿದ ಸೂತ್ರದಂತೆ, ಯುಪಿಐ ಪಾವತಿಗೆ ಪಾಯಿಂಟನ್ನು ಕಡಿತಗೊಳಿಸಿರುವ ಅಥವಾ ತಿಂಗಳ ಮಿತಿ ವಿಧಿಸಿರುವ ಕಾರ್ಡುಗಳು ಹಲವು. ಮೂರನೆಯದು, 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದಾಗ ಅನೇಕರು ಫಲಕ ತೆಗೆದು 'ನಗದು ಮಾತ್ರ' ಎಂದು ಬರೆದು ಹಾಕಿದ್ದರು. ಕೈಯಲ್ಲಿ ಯಾವ ಕಾರ್ಡಿದ್ದರೂ ಜೇಬಿನಲ್ಲಿ ಸ್ವಲ್ಪ ನಗದು ಇರಲೇಬೇಕು.

ಕಾರ್ಡಿಗೆ ಶೇ. 2ರಷ್ಟು ಹೆಚ್ಚು ಕೊಡಿ ಎಂದು ಹೋಟೆಲಿನವರು ಕೇಳಿದರೆ ನಗದು ಕೊಡುವುದೇ ಲಾಭ. ಅಷ್ಟು ಮೌಲ್ಯದ ಪಾಯಿಂಟು ಸಾಮಾನ್ಯ ಕಾರ್ಡುಗಳಲ್ಲಿ ಹುಟ್ಟುವುದಿಲ್ಲ.

ಲೆಕ್ಕ ಹಾಕುವ ಬಗೆ

ಜಾಹೀರಾತಿನಲ್ಲಿ ಕಾಣುವುದು ಪಾಯಿಂಟುಗಳ ಸಂಖ್ಯೆ. ಗ್ರಾಹಕ ಕೇಳಬೇಕಾದದ್ದು ಒಂದು ಪಾಯಿಂಟಿಗೆ ಎಷ್ಟು ಪೈಸೆ ಎಂಬುದನ್ನು. ಹೊರಗಿನ ಊಟಕ್ಕೆ ತಿಂಗಳಿಗೆ 4,000 ರೂ., ಅಂದರೆ ವರ್ಷಕ್ಕೆ 48,000 ರೂ. ಖರ್ಚು ಮಾಡುವ ಕುಟುಂಬವೊಂದು ಮೂರು ಬಗೆಯ ಕಾರ್ಡುಗಳನ್ನು ಹೋಲಿಸುತ್ತಿದೆ ಎಂದು ಭಾವಿಸೋಣ. ಇಲ್ಲಿನ ದರಗಳು ಕೇವಲ ಉದಾಹರಣೆಗಾಗಿ.

ಒಂದನೆಯ ಕಾರ್ಡಿಗೆ ವಾರ್ಷಿಕ ಶುಲ್ಕವಿಲ್ಲ. ಎಲ್ಲ ಖರ್ಚಿಗೂ ಶೇ. 1 ವಾಪಸು. ವರ್ಷದ ಲಾಭ 480 ರೂ.

ಎರಡನೆಯದು ಪ್ರಯಾಣದ ಕಾರ್ಡು. ಊಟಕ್ಕೆ ಪ್ರತಿ 100 ರೂಪಾಯಿಗೆ 5 ಪಾಯಿಂಟು. ಶುಲ್ಕ 1,000 ರೂ., ಶೇ. 18ರ ಜಿಎಸ್‌ಟಿ ಸೇರಿ 1,180 ರೂ. ವರ್ಷಕ್ಕೆ 2,400 ಪಾಯಿಂಟು ಸೇರುತ್ತದೆ. ಟಿಕೆಟು ಕೊಂಡರೆ ಪಾಯಿಂಟಿಗೆ 50 ಪೈಸೆಯಂತೆ 1,200 ರೂ.; ಶುಲ್ಕ ಕಳೆದರೆ ಉಳಿಯುವುದು 20 ರೂ. ಅದೇ ಪಾಯಿಂಟನ್ನು 25 ಪೈಸೆಯ ದರದಲ್ಲಿ ಉಡುಗೊರೆ ವಸ್ತುವಿಗೆ ಬಳಸಿದರೆ ಬರುವುದು 600 ರೂ. ಮಾತ್ರ, ಆಗ 580 ರೂ. ನಷ್ಟ. ನಿಗದಿತ ಮೊತ್ತಕ್ಕಿಂತ ಹೆಚ್ಚು ಖರ್ಚು ಮಾಡಿದವರಿಗೆ ಶುಲ್ಕ ಮನ್ನಾ ಎಂಬ ಷರತ್ತಿದ್ದು, ಮನೆಯ ಇತರ ಖರ್ಚಿನಿಂದ ಆ ಮೊತ್ತ ಸಹಜವಾಗಿ ತಲುಪುವುದಾದರೆ ಮಾತ್ರ ಪೂರ್ತಿ 1,200 ರೂ. ಲಾಭ.

ಮೂರನೆಯದರಲ್ಲಿ ಊಟಕ್ಕೆ ಶೇ. 5 ವಾಪಸು, ಆದರೆ ತಿಂಗಳಿಗೆ 100 ರೂ. ಮಿತಿ. 200 ರೂ. ಬರಬೇಕಾದಲ್ಲಿ 100 ಬರುತ್ತದೆ. ವರ್ಷಕ್ಕೆ 1,200 ರೂಪಾಯಿಯಲ್ಲಿ ಜಿಎಸ್‌ಟಿ ಸೇರಿದ 589 ರೂ. ಶುಲ್ಕ ಕಳೆದರೆ ಲಾಭ 611 ರೂ.

ಕಣ್ಣಿಗೆ ಆಕರ್ಷಕವಾಗಿ ಕಂಡ ಪ್ರಯಾಣದ ಕಾರ್ಡು ಈ ಕುಟುಂಬಕ್ಕೆ ಕಡೆಯ ಸ್ಥಾನದಲ್ಲಿದೆ. ಊಟದ ಖರ್ಚು ಇದರ ಎರಡು ಮೂರು ಪಟ್ಟು ಇರುವವರಿಗೆ ಫಲಿತಾಂಶ ಬೇರೆಯಾಗಬಹುದು. ಸ್ವಂತ ಅಂಕಿಗಳನ್ನು ಹಾಕಿ ನೋಡದೆ ಉತ್ತರ ಸಿಗದು.

ಯಾವ ಪ್ರಯಾಣ?

ಸೋಗಾನೆಯಲ್ಲಿರುವ ಶಿವಮೊಗ್ಗದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡಿತು. ಆ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಇಂಡಿಗೋದ ಮೊದಲ ವಿಮಾನ ಅಲ್ಲಿ ಇಳಿಯಿತು. ಅಂದಿನಿಂದ ವಿಮಾನದ ಪಾಯಿಂಟು ಮಲೆನಾಡಿನವರಿಗೂ ಆಸಕ್ತಿಯ ವಿಷಯವಾಗಿದೆ. ಆದರೆ ಪ್ರಾದೇಶಿಕ ನಿಲ್ದಾಣದಿಂದ ಹಾರುವ ಸಂಸ್ಥೆಗಳು ಕೆಲವೇ. ಕಾರ್ಡಿನ ಪಾಯಿಂಟು ವಿದೇಶಿ ವಿಮಾನ ಸಂಸ್ಥೆಯ ಮೈಲುಗಳಾಗಿ ಮಾತ್ರ ಒಳ್ಳೆಯ ಬೆಲೆ ಕೊಡುವುದಾದರೆ, ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವವರಿಗೆ ಅದರಿಂದ ಉಪಯೋಗವಿಲ್ಲ.

ರೈಲನ್ನೇ ನೆಚ್ಚಿಕೊಂಡವರಿಗೆ ಐಆರ್‌ಸಿಟಿಸಿ ಜೊತೆಗೂಡಿ ಬ್ಯಾಂಕುಗಳು ನೀಡುವ ಕಾರ್ಡುಗಳಿವೆ. ಇವುಗಳ ಪಾಯಿಂಟು ರೈಲ್ವೆ ಟಿಕೆಟಿಗೆ ಸಲ್ಲುತ್ತದೆ. ಬಸ್ಸಿನಲ್ಲೇ ಓಡಾಡುವವರಿಗೆ ನೇರವಾಗಿ ಹಣ ವಾಪಸು ನೀಡುವ ಕಾರ್ಡೇ ಮೇಲು. ಆ ಹಣದಿಂದ ಯಾವ ಟಿಕೆಟು ಬೇಕಾದರೂ ಕೊಳ್ಳಬಹುದು. ಬ್ಯಾಂಕಿನ ಸ್ವಂತ ಪ್ರಯಾಣ ತಾಣದಲ್ಲಿ ಪಾಯಿಂಟು ಬಳಸುವಾಗ ಅದೇ ಟಿಕೆಟು ಬೇರೆಡೆ ಅಗ್ಗವಾಗಿ ಸಿಗುತ್ತಿಲ್ಲವಷ್ಟೇ ಎಂದು ಹೋಲಿಸಿ ನೋಡಬೇಕು.

ಕೂಡಿಟ್ಟ ಮೈಲು ಕರಗುವ ಪರಿ

ಪಾಯಿಂಟು ಬ್ಯಾಂಕಿನ ಠೇವಣಿಯಲ್ಲ. ಅದರ ಮೌಲ್ಯ ಕೊಟ್ಟವರ ಕೈಯಲ್ಲಿದೆ. ಬೆಂಗಳೂರು ಮೂಲದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಸ್ಥಗಿತಗೊಂಡಿತು. ಆ ಸಂಸ್ಥೆಗಳ ಆಸನಕ್ಕೆಂದು ವರ್ಷಗಟ್ಟಲೆ ಮೈಲು ಕೂಡಿಟ್ಟವರಿಗೆ ಆ ಆಸನ ದೊರೆಯಲಿಲ್ಲ. 2024ರ ನವೆಂಬರ್ 12ರಂದು ವಿಸ್ತಾರ ಸಂಸ್ಥೆಯು ಏರ್ ಇಂಡಿಯಾದಲ್ಲಿ ವಿಲೀನವಾದಾಗ ಗ್ರಾಹಕರ ಪಾಯಿಂಟುಗಳು ಏರ್ ಇಂಡಿಯಾ ಯೋಜನೆಗೆ ವರ್ಗವಾದವು.

ವಿಮಾನ ಸಂಸ್ಥೆ ಗಟ್ಟಿಯಾಗಿದ್ದರೂ ಬ್ಯಾಂಕು ನಿಯಮ ಬದಲಿಸಬಹುದು. ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿನಲ್ಲಿ 5 ಪಾಯಿಂಟಿಗೆ 4 ಮೈಲು ದೊರೆಯುತ್ತಿದ್ದುದು 2023ರ ಸೆಪ್ಟೆಂಬರ್ 1ರಿಂದ 2ಕ್ಕೆ ಇಳಿಯಿತು. ಒಂದೇ ದಿನದಲ್ಲಿ ಅರ್ಧ ಮೌಲ್ಯ ಕುಸಿಯಿತು. ಪಾಯಿಂಟನ್ನು ಮದುವೆಯ ಒಡವೆಯಂತೆ ಪೆಟ್ಟಿಗೆಯಲ್ಲಿಡದೆ ಆಯಾ ವರ್ಷವೇ ಬಳಸುವುದು ಜಾಣತನ.

ಸಾಲದ ತುಪ್ಪ

'ಸಾಲ ಮಾಡಿಯಾದರೂ ತುಪ್ಪ ತಿನ್ನು' ಎಂಬ ಮಾತು ಕ್ರೆಡಿಟ್ ಕಾರ್ಡಿಗೆ ಹೊಂದುವುದಿಲ್ಲ. ಬಾಕಿ ಉಳಿಸಿಕೊಂಡ ಮೊತ್ತಕ್ಕೆ ತಿಂಗಳಿಗೆ ಶೇ. 3.5ರ ಆಸುಪಾಸಿನ ಬಡ್ಡಿ ವಿಧಿಸುವ ಕಾರ್ಡುಗಳು ಸಾಮಾನ್ಯ. ವರ್ಷಕ್ಕೆ ಇದು ಶೇ. 40ನ್ನು ದಾಟುತ್ತದೆ. ಬಡ್ಡಿ ಶೇ. 30ನ್ನು ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ನೀಡಿದ್ದ ಆದೇಶವನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರ್ 20ರಂದು ರದ್ದುಪಡಿಸಿತು.

20,000 ರೂ. ಬಾಕಿಯನ್ನು ಒಂದು ತಿಂಗಳು ಮುಂದೂಡಿದರೆ ಬಡ್ಡಿ 700 ರೂ., ಅದರ ಮೇಲೆ ಜಿಎಸ್‌ಟಿ 126 ರೂ., ಒಟ್ಟು 826 ರೂ. ಮೇಲಿನ ಉದಾಹರಣೆಯಲ್ಲಿ ಶುಲ್ಕ ಕಳೆದ ಮೇಲೆ ಯಾವ ಕಾರ್ಡೂ ವರ್ಷವಿಡೀ ಅಷ್ಟು ಗಳಿಸಿಕೊಡಲಿಲ್ಲ. 'ಕನಿಷ್ಠ ಪಾವತಿ' ಕಟ್ಟಿದರೆ ತಡ ಶುಲ್ಕ ತಪ್ಪುತ್ತದೆಯೇ ಹೊರತು ಬಡ್ಡಿ ತಪ್ಪುವುದಿಲ್ಲ. ತಿಂಗಳ ಬಿಲ್ಲನ್ನು ಪೂರ್ತಿ ತೀರಿಸುವ ಶಿಸ್ತು ಇಲ್ಲದವರಿಗೆ ಅತ್ಯುತ್ತಮ ಕಾರ್ಡೆಂಬುದೇ ಇಲ್ಲ.

ಗ್ರಾಹಕರಿಗಿರುವ ರಕ್ಷಣೆ

ರಿಸರ್ವ್ ಬ್ಯಾಂಕು 2022ರ ಏಪ್ರಿಲ್ 21ರಂದು ಹೊರಡಿಸಿದ ನಿರ್ದೇಶನಗಳು ಕೆಲವು ಹಕ್ಕುಗಳನ್ನು ನೀಡಿವೆ. ಒಪ್ಪಿಗೆಯಿಲ್ಲದೆ ಕಾರ್ಡು ಕಳುಹಿಸುವಂತಿಲ್ಲ. ಶುಲ್ಕ ಬದಲಿಸಲು ಕನಿಷ್ಠ ಒಂದು ತಿಂಗಳ ಮುನ್ಸೂಚನೆ ನೀಡಬೇಕು. ಬಾಕಿಯಿಲ್ಲದ ಕಾರ್ಡನ್ನು ರದ್ದುಪಡಿಸುವಂತೆ ಕೋರಿದ ಮೇಲೆ 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಪ್ಪಿದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ದಂಡ ತೆರಬೇಕು. ದೂರಿಗೆ ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು.

ಯಾರಿಗೆ ಯಾವುದು?

ಹೆದ್ದಾರಿ ಹೋಟೆಲು, ದರ್ಶಿನಿ, ಖಾನಾವಳಿಗಳಲ್ಲೇ ಹೆಚ್ಚು ಉಣ್ಣುವವರಿಗೆ ವಾರ್ಷಿಕ ಶುಲ್ಕವಿಲ್ಲದ, ಯುಪಿಐ ಪಾವತಿಗೂ ಪಾಯಿಂಟು ನೀಡುವ ರುಪೇ ಕಾರ್ಡು ಸಾಕು. ಬೆಂಗಳೂರು, ಮಂಗಳೂರು, ಮೈಸೂರಿನ ದೊಡ್ಡ ರೆಸ್ಟೋರೆಂಟುಗಳಲ್ಲಿ ಪದೇ ಪದೇ ಸಾವಿರಾರು ರೂಪಾಯಿ ತೆರುವವರು ಮತ್ತು ವರ್ಷಕ್ಕೆ ಹಲವು ಬಾರಿ ವಿಮಾನ ಏರುವವರು ಶುಲ್ಕ ತೆತ್ತು ಪ್ರಯಾಣದ ಕಾರ್ಡು ಪಡೆಯುವುದರಲ್ಲಿ ಅರ್ಥವಿದೆ. ಇವೆರಡರ ನಡುವೆ ಇರುವವರು ಕಳೆದ ಮೂರು ತಿಂಗಳ ಊಟದ ಖರ್ಚನ್ನು ಕಾಗದದ ಮೇಲೆ ಬರೆದು, ಅದರಲ್ಲಿ ಎಷ್ಟು ಯಂತ್ರಕ್ಕೆ, ಎಷ್ಟು ಕ್ಯೂಆರ್‌ಗೆ, ಎಷ್ಟು ನಗದಿಗೆ ಹೋಯಿತೆಂದು ವಿಂಗಡಿಸಿ ನೋಡಬೇಕು. ಯಂತ್ರದ ಪಾಲು ಕಾಲುಭಾಗವೂ ಇಲ್ಲದಿದ್ದರೆ ಊಟದ ಹೆಸರಿನ ದುಬಾರಿ ಕಾರ್ಡಿಗೆ ಅರ್ಜಿ ಹಾಕುವ ಅಗತ್ಯವಿಲ್ಲ.