ಸ್ವಂತ ಜಾಲತಾಣ: ಹೊಸಬರಿಗೆ ಯಾವ ಸಾಧನ ಸೂಕ್ತ?

ಬದನವಾಳು: ನಂಜನಗೂಡು ತಾಲ್ಲೂಕಿನ ಈ ಗ್ರಾಮದ ಹೆಸರು ಕೇಳಿದೊಡನೆ ನೆನಪಿಗೆ ಬರುವುದು ಖಾದಿ. 1927ರಲ್ಲಿ ಮಹಾತ್ಮ ಗಾಂಧಿಯವರು ಭೇಟಿ ನೀಡಿದ ಊರಿದು. 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅವರ ನೇತೃತ್ವದಲ್ಲಿ ಸುಸ್ಥಿರ ಬದುಕಿನ ಸಮಾವೇಶ ನಡೆದದ್ದೂ, 2022ರ ಅಕ್ಟೋಬರ್ 2ರಂದು ಭಾರತ ಜೋಡೋ ಯಾತ್ರೆ ಬಂದು ನಿಂತದ್ದೂ ಇಲ್ಲಿಯೇ. ಊರು ಸುದ್ದಿಯಾದಾಗಲೆಲ್ಲ ದೂರದ ಜನ ಅಂತರ್ಜಾಲದಲ್ಲಿ ಅದನ್ನು ಹುಡುಕುತ್ತಾರೆ. ಪತ್ರಿಕಾ ವರದಿ ಆ ದಿನದ ಘಟನೆಯನ್ನು ಹೇಳುತ್ತದೆಯೇ ಹೊರತು ಬಟ್ಟೆ ಎಲ್ಲಿ ದೊರೆಯುತ್ತದೆ, ಯಾರು ನೇಯುತ್ತಾರೆ, ಬೆಲೆ ಎಷ್ಟು ಎಂಬುದನ್ನಲ್ಲ. ಅದನ್ನು ನೂಲುವವರು, ನೇಯುವವರೇ ಹೇಳಬೇಕು. ಅದಕ್ಕೆ ಬೇಕಾದುದು ಒಂದು ಚಿಕ್ಕ ಜಾಲತಾಣ. ಗ್ರಾಮೀಣ ಕೇಂದ್ರವಾಗಲಿ, ಸ್ವಸಹಾಯ ಸಂಘವಾಗಲಿ ಇಂತಹ ತಾಣವನ್ನು ತಾನೇ ಕಟ್ಟಿಕೊಳ್ಳಲು ಇಂದು ಹಲವು ಸಾಧನಗಳಿವೆ. ಆಯ್ಕೆಗೆ ಮುನ್ನ ಅವುಗಳ ಗುಣದೋಷಗಳನ್ನು ಅರಿಯುವುದು ಲೇಸು.

ನಾಲ್ಕು ದಾರಿಗಳು

ಗೂಗಲ್ ಸೈಟ್ಸ್: ಜಿಮೇಲ್ ಖಾತೆಯಿದ್ದರೆ ಸಾಕು, ಶುಲ್ಕವಿಲ್ಲ. ಚಿತ್ರ ಹಾಗೂ ಬರಹವನ್ನು ಎಳೆದು ತಂದು ಜೋಡಿಸಬಹುದು. ನಾಲ್ಕೈದು ಪುಟಗಳ ಪರಿಚಯ ತಾಣಕ್ಕೆ ಇದು ಸಾಕು. ಆದರೆ ಆನ್‌ಲೈನ್ ಅಂಗಡಿಯ ಸೌಲಭ್ಯ ಇದರಲ್ಲಿಲ್ಲ.

ಬ್ಲಾಗರ್: 1999ರಲ್ಲಿ ಆರಂಭವಾಗಿ 2003ರಲ್ಲಿ ಗೂಗಲ್ ವಶಕ್ಕೆ ಬಂದ ಸೇವೆ. ಇದೂ ಉಚಿತ. ಆಗಾಗ್ಗೆ ಸುದ್ದಿ, ಪ್ರಕಟಣೆ, ಹೊಸ ಮಾದರಿಯ ಚಿತ್ರಗಳನ್ನು ಪ್ರಕಟಿಸುವವರಿಗೆ ಅನುಕೂಲ. ಬರಹಗಳ ಪ್ರತಿಯನ್ನು ಒಂದೇ ಕಡತವಾಗಿ ಇಳಿಸಿಕೊಳ್ಳಬಹುದು.

ವರ್ಡ್‌ಪ್ರೆಸ್: 2003ರಲ್ಲಿ ಹೊರಬಂದ ಮುಕ್ತ ತಂತ್ರಾಂಶ. ಇದರಲ್ಲಿ ಎರಡು ಬಗೆಗಳಿರುವುದರಿಂದ ಹೊಸಬರು ಗೊಂದಲಕ್ಕೊಳಗಾಗುವುದುಂಟು. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ ಖಾತೆ ತೆರೆದರೆ ನಿರ್ವಹಣೆಯ ಹೊರೆ ಕಂಪನಿಯದು. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಿಂದ ತಂತ್ರಾಂಶವನ್ನು ಪಡೆದು ಬಾಡಿಗೆಯ ಸರ್ವರ್‌ನಲ್ಲಿ ಸ್ಥಾಪಿಸಿಕೊಂಡರೆ ಸ್ವಾತಂತ್ರ್ಯ ಹೆಚ್ಚು. ಆದರೆ ಕಾಲಕಾಲಕ್ಕೆ ನವೀಕರಿಸುವ ಹೊಣೆ ಸ್ಥಾಪಿಸಿದವರದು. ನವೀಕರಿಸದ ತಾಣ ದುಷ್ಕರ್ಮಿಗಳಿಗೆ ಸುಲಭದ ತುತ್ತು.

ವಿಕ್ಸ್: 2006ರಲ್ಲಿ ಇಸ್ರೇಲ್‌ನಲ್ಲಿ ಆರಂಭವಾದ ಸೇವೆ. ಅಂದವಾದ ಮಾದರಿಗಳಿವೆ, ಕಲಿಯುವುದು ಸುಲಭ. ಉಚಿತ ಯೋಜನೆಯಲ್ಲಿ ಕಂಪನಿಯ ಜಾಹೀರಾತು ಕಾಣಿಸುತ್ತದೆ. ಇಲ್ಲಿ ಕಟ್ಟಿದ ತಾಣವನ್ನು ಹಾಗೆಯೇ ಬೇರೆಡೆಗೆ ಸಾಗಿಸಲು ಆಗದು ಎಂಬುದು ಇದರ ದೊಡ್ಡ ಮಿತಿ.

ಉಚಿತದ ಬೆಲೆ

ಸಾಗಿಸಲು ಆಗದಿರುವುದು ಸಣ್ಣ ಸಂಗತಿಯಲ್ಲ. ಒಂದು ಕಾಲಕ್ಕೆ ಜನಪ್ರಿಯವಾಗಿದ್ದ ಜಿಯೋಸಿಟೀಸ್ ಸೇವೆಯನ್ನು ಯಾಹೂ ಸಂಸ್ಥೆ 2009ರಲ್ಲಿ ಜಪಾನ್ ಹೊರತುಪಡಿಸಿ ಎಲ್ಲೆಡೆ ಮುಚ್ಚಿತು. ಸಣ್ಣ ವ್ಯಾಪಾರಿಗಳಿಗೆಂದು ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್‌ನೊಂದಿಗೆ ನೀಡಿದ್ದ ಉಚಿತ ಜಾಲತಾಣಗಳು 2024ರ ಮಾರ್ಚ್‌ನಲ್ಲಿ ನಿಂತುಹೋದವು. ಆದ್ದರಿಂದ ಸಾಧನ ಯಾವುದೇ ಇರಲಿ, ಬರಹ ಮತ್ತು ಚಿತ್ರಗಳ ಮೂಲಪ್ರತಿ ಸಂಸ್ಥೆಯ ಬಳಿಯೂ ಇರಬೇಕು.

ಅದಕ್ಕಿಂತ ಮುಖ್ಯವಾದುದು ಡೊಮೇನ್ ಹೆಸರು, ಅಂದರೆ ತಾಣದ ವಿಳಾಸ. ಡಾಟ್ ಇನ್ ವಿಳಾಸಗಳಲ್ಲದೆ ಕನ್ನಡ ಲಿಪಿಯ ಡಾಟ್ ಭಾರತ ವಿಳಾಸಗಳೂ ಇವೆ. ವಾರ್ಷಿಕ ಶುಲ್ಕ ತೆತ್ತು ಸ್ವಂತ ಹೆಸರನ್ನು ನೋಂದಾಯಿಸಿಕೊಂಡರೆ ನಾಳೆ ಸಾಧನ ಬದಲಾದರೂ ವಿಳಾಸ ಬದಲಾಗದು. ನೋಂದಣಿ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯದೇ ಇ-ಮೇಲ್ ಮೂಲಕ ಆಗಬೇಕು. ತಾಣ ಕಟ್ಟಿಕೊಟ್ಟ ಪರಿಚಿತ ಯುವಕನ ಸ್ವಂತ ಖಾತೆಯಲ್ಲಿ ಎಲ್ಲವೂ ಇದ್ದು, ಆತ ಕೆಲಸ ಹುಡುಕಿ ಬೆಂಗಳೂರಿಗೆ ಹೋದರೆ, ಪಾಸ್‌ವರ್ಡ್ ಕೂಡ ಆತನೊಂದಿಗೇ ಹೋಗುತ್ತದೆ. ನವೀಕರಣದ ದಿನ ತಪ್ಪಿ ಅವಧಿ ಮೀರಿದರೆ ಆ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಕನಿಷ್ಠ ಇಬ್ಬರಿಗಾದರೂ ಪಾಸ್‌ವರ್ಡ್ ಹಾಗೂ ನವೀಕರಣದ ದಿನಾಂಕ ತಿಳಿದಿರಲಿ.

ಗಮನಿಸಬೇಕಾದವು

* ಬರಹ ಯೂನಿಕೋಡ್‌ನಲ್ಲಿರಲಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡ್‌ಗೆ ಪರಿವರ್ತಿಸದಿದ್ದರೆ ಅಕ್ಷರಗಳು ಕಲಸಿಹೋಗುತ್ತವೆ, ಹುಡುಕಿದರೂ ಸಿಗುವುದಿಲ್ಲ.
* ಪ್ರಕಟಿಸುವ ಮುನ್ನ ಪುಟವನ್ನು ಮೊಬೈಲ್‌ನಲ್ಲಿ ತೆರೆದು ನೋಡಬೇಕು. ಚಿತ್ರಗಳ ಗಾತ್ರ ಕುಗ್ಗಿಸಿದರೆ ಪುಟ ಬೇಗ ತೆರೆಯುತ್ತದೆ.
* ಆರಂಭದಲ್ಲಿಯೇ ಆನ್‌ಲೈನ್ ಅಂಗಡಿ ಬೇಡ. ವಿಳಾಸ, ಸಂಸ್ಥೆಯ ದೂರವಾಣಿ ಸಂಖ್ಯೆ, ತೆರೆದಿರುವ ವೇಳೆ, ಬೆಲೆಪಟ್ಟಿ ಇಷ್ಟಿದ್ದರೆ ಸಾಕು.
* 2013ರ ಖಾದಿ ಮಾರ್ಕ್ ನಿಯಮಾವಳಿಯಂತೆ, ಪ್ರಮಾಣಪತ್ರವಿಲ್ಲದೆ ಬಟ್ಟೆಯನ್ನು ಖಾದಿಯೆಂದು ಮಾರುವಂತಿಲ್ಲ. ಪ್ರಮಾಣಪತ್ರ ಇದ್ದವರು ಅದರ ವಿವರವನ್ನು ತಾಣದಲ್ಲಿ ಕೊಟ್ಟರೆ ಗ್ರಾಹಕರ ನಂಬಿಕೆ ಹೆಚ್ಚುತ್ತದೆ.

ಒಟ್ಟಿನಲ್ಲಿ, ಒಮ್ಮೆ ಪರಿಚಯ ನೀಡಿದರೆ ಸಾಕೆನ್ನುವವರಿಗೆ ಗೂಗಲ್ ಸೈಟ್ಸ್, ನಿರಂತರ ಬರೆಯುವವರಿಗೆ ಬ್ಲಾಗರ್, ಮುಂದೆ ಅಂಗಡಿಯನ್ನೂ ತೆರೆಯುವ ಉದ್ದೇಶವಿದ್ದು ನೋಡಿಕೊಳ್ಳಲು ಜನರಿರುವವರಿಗೆ ವರ್ಡ್‌ಪ್ರೆಸ್ ಸೂಕ್ತ. ಚರಕದ ದಾರ ತುಂಡಾದರೆ ನೂಲುವವರೇ ಜೋಡಿಸಿಕೊಂಡು ಕೆಲಸ ಮುಂದುವರಿಸುತ್ತಾರೆ. ಜಾಲತಾಣದ ಸಾಧನವೂ ಅಂತಹುದೇ ಆಗಿರಬೇಕು: ಕೆಟ್ಟಾಗ ತಾವೇ ಸರಿಪಡಿಸಿಕೊಳ್ಳುವಂತಿರಬೇಕು, ಬೇಡವೆನಿಸಿದಾಗ ತಮ್ಮ ಸರಕಿನೊಂದಿಗೆ ಹೊರಬರುವಂತಿರಬೇಕು.