ಉಂಡ ಮೇಲಿನ ನಡಿಗೆ

ರಾತ್ರಿ ಊಟ ಮುಗಿಸಿ, ಮಲಗುವ ಮುನ್ನ ಸ್ವಲ್ಪ ಹೊತ್ತು ಅಡ್ಡಾಡುವ ರೂಢಿ ಹಲವರಿಗಿದೆ. ಸರ್ವಜ್ಞನ ತ್ರಿಪದಿಯೊಂದು ಉಂಡು ನೂರು ಹೆಜ್ಜೆ ಹಾಕುವುದನ್ನೂ ಬಲತೋಳು ಮೇಲಾಗುವಂತೆ, ಅಂದರೆ ಎಡಮಗ್ಗುಲಾಗಿ, ಮಲಗುವುದನ್ನೂ ಒಟ್ಟಿಗೆ ಹೇಳುತ್ತದೆ. ಎರಡೂ ಮಾತು ಮುಪ್ಪಿನವರಿಗೆ ಹೆಚ್ಚು ಸಲ್ಲುತ್ತವೆ. ಜಠರದ ಉಬ್ಬಿದ ಭಾಗ ಎಡಕ್ಕಿದೆ; ಎಡಮಗ್ಗುಲಾದರೆ ಹುಳಿರಸ ಅನ್ನನಾಳದ ಬಾಯಿಗಿಂತ ಕೆಳಗೇ ನಿಲ್ಲುತ್ತದೆ, ಎದೆಯುರಿ ಕಡಿಮೆ.

ವಯಸ್ಸಾದಂತೆ ಜಠರ ಬರಿದಾಗುವುದು ತುಸು ನಿಧಾನವಾಗುತ್ತದೆ, ದೊಡ್ಡ ಕರುಳಿನ ಚಲನೆ ತಗ್ಗುತ್ತದೆ, ಬಾಯಾರಿಕೆಯೂ ಸರಿಯಾಗಿ ತಿಳಿಯದು. ಕೊನೆಯ ಎರಡೂ ಮಲಬದ್ಧತೆಗೆ ಕಾರಣವಾಗುತ್ತವೆ. ಅದೇ ಊಟ ಬೆಳಿಗ್ಗೆಗಿಂತ ರಾತ್ರಿ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ನಡೆಯುವ ಕಾಲಿನ ಸ್ನಾಯುಗಳಾದರೋ ಇನ್ಸುಲಿನ್ ಕಾಯದೆಯೂ ಆ ಸಕ್ಕರೆಯನ್ನು ಎಳೆದುಕೊಳ್ಳಬಲ್ಲವು. 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 60 ದಾಟಿದ 10 ಮಂದಿ ಪ್ರತಿ ಊಟದ ನಂತರ 15 ನಿಮಿಷ ನಡೆದಾಗ, ರಾತ್ರಿ ಊಟದ ಬಳಿಕ ಏರುವ ಸಕ್ಕರೆ ಚೆನ್ನಾಗಿ ತಗ್ಗಿತು. ಒಂದೇ ಸಲ 45 ನಿಮಿಷ ನಡೆದಾಗ ಆ ಫಲ ಸಿಗಲಿಲ್ಲ. ಸಣ್ಣ ಅಧ್ಯಯನವೇ ಆದರೂ ಉಂಡು ನಡೆಯುವ ಮಾತಿಗೆ ಇದು ಇಂಬು ಕೊಡುತ್ತದೆ.

ನಡಿಗೆಯಷ್ಟೇ ಅಲ್ಲ, ಏನು, ಎಷ್ಟು, ಯಾವಾಗ ಉಣ್ಣುತ್ತೇವೆ ಎಂಬುದೂ ಮುಖ್ಯ. ಕೊಪ್ಪಳ ಜಿಲ್ಲೆಯ ನವಲಿಯ ಸುತ್ತ ಎರಡು ಬಗೆಯ ಊಟ ಕೂಡುತ್ತವೆ. ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಿತ ಹೊಲಗಳದು ಜೋಳ, ಸಜ್ಜೆ. ತುಂಗಭದ್ರಾ ಎಡದಂಡೆ ಕಾಲುವೆ ನೀರುಂಡ ಗಂಗಾವತಿ ಸೀಮೆಯದು ಅಕ್ಕಿ. ಪಾಲಿಷ್ ಅಕ್ಕಿಯ ಅನ್ನಕ್ಕೆ ಹೋಲಿಸಿದರೆ ರೊಟ್ಟಿಯಲ್ಲಿ ನಾರು ಹೆಚ್ಚು. ಆದರೆ ಹಲ್ಲಿಲ್ಲದ ಬಾಯಿಗೆ ಕಟಕ ರೊಟ್ಟಿ ಕಷ್ಟ. ಅಂಥವರಿಗೆ ಮಜ್ಜಿಗೆ ಬೆರೆಸಿದ ಜೋಳದ ನುಚ್ಚು ಹಿತ. ದುಡಿಯುವ ಕಾಲದಲ್ಲಿ ಉಣ್ಣುತ್ತಿದ್ದಷ್ಟನ್ನೇ ಹೊಲ ಬಿಟ್ಟ ಮೇಲೂ ಉಣ್ಣುವುದು, ಸಂಜೆಯ ಮಂಡಾಳ (ಮಂಡಕ್ಕಿ) ಒಗ್ಗರಣೆ-ಮಿರ್ಚಿಯಿಂದ ಹಸಿವು ಸತ್ತು ಊಟ ಹತ್ತಕ್ಕೆ ಜಾರುವುದು: ಹೊಟ್ಟೆಯ ತೊಂದರೆ ಹೆಚ್ಚಾಗಿ ಇಲ್ಲಿಂದಲೇ. ಮಲಗುವ 2-3 ಗಂಟೆ ಮೊದಲೇ, ಅರೆಹೊಟ್ಟೆ ಎನಿಸುವಷ್ಟು ಉಂಡರೆ ಸಾಕು.

ಉಂಡೊಡನೆ ಎದ್ದು ಬಿರುಸಾಗಿ ನಡೆಯಬಾರದು. ಕೆಲವು ಹಿರಿಯರಿಗೆ ಊಟವಾದ 2 ಗಂಟೆಯೊಳಗೆ ಮೇಲಿನ ರಕ್ತದೊತ್ತಡ 20 ಅಂಶಕ್ಕಿಂತ ಹೆಚ್ಚು ಇಳಿದು ತಲೆ ತಿರುಗುತ್ತದೆ. ಸುಶ್ರುತಸಂಹಿತೆಯೂ ಮೊದಲು ಕೂತು ದಣಿವಾರಿಸಿಕೊಂಡು ಆಮೇಲೆ ನಡೆಯಲು ಹೇಳುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ನಡಿಗೆ ಹೆಚ್ಚಿಸಬೇಕು. ದೀಪವಿಲ್ಲದ ಓಣಿಯಲ್ಲಿ ಕೈಯಲ್ಲೊಂದು ಬ್ಯಾಟರಿ ಇರಲಿ. ಇಲ್ಲದಿದ್ದರೆ ಮನೆಯ ಅಂಗಳವೇ ಸಾಕು.